ಎಷ್ಟು ನಾಸ್ತಿಕಳು ನೀನು?

ನಾನು ದೇವರನ್ನು ನಂಬುವುದಿಲ್ಲ ಅಂದರೆ ಯಾರೂ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಪೂರ್ತಿ ನಂಬಲ್ವಾ, ಸ್ವಲ್ಪನಾದ್ರೂ ನಂಬ್ತೀಯಾ, ಹೋಗಲಿ ಯಾವುದೋ ಒಂದು ಶಕ್ತಿ ಇದೆ ಅಂತಾದ್ರೂ ಒಪ್ತೀಯಲ್ವಾ ಅಂತ ಚೌಕಾಸಿ ಶುರುವಾಗುತ್ತದೆ. ಶಕ್ತಿ ಇದೆ ಅಂತ ಒಪ್ಪಿಬಿಟ್ಟರೆ ಕೇಳಿದವರಿಗೆ ಸಮಾಧಾನ. ಒಪ್ಪದಿದ್ದರೆ ಮುಂದಿನ ಮಾತು ಗೊತ್ತೇ ಇದೆ, "ಕಷ್ಟ ಬರಲಿ, ಆಗ ತಾನಾಗೇ ಗೊತ್ತಾಗುತ್ತೆ." ಹೀಗೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಂಬದೇ ಇರುವುದರಲ್ಲೂ ಹಂತಗಳಿವೆ ಅಂತ ಅವರಿಗೆ ಗೊತ್ತಿದೆ, ಅದು ನಿಜವೂ ಹೌದು. ಆದರೆ ಆ ಹಂತಗಳನ್ನು ಎಲ್ಲಿ ಅಳೆಯಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಬೇರೆ.

ತಲೆಯೊಳಗಿನ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ದೇವರು ಇದ್ದಾನೋ ಇಲ್ಲವೋ ತಿಳಿಯಲು ದಾರಿಯೇ ಇಲ್ಲ ಅನ್ನುವವರನ್ನು ಅಜ್ಞೇಯವಾದಿಗಳು ಅನ್ನುತ್ತಾರೆ. ಡಾರ್ವಿನ್ ಪರ ವಾದ ಮಾಡುತ್ತಿದ್ದ ಥಾಮಸ್ ಹಕ್ಸ್‌ಲಿ 1869ರಲ್ಲಿ ತಮ್ಮ ನಿಲುವಿಗೆ ಇಂಗ್ಲಿಷಿನಲ್ಲಿ ಅಂಥದ್ದೊಂದು ಹೆಸರು ಇಟ್ಟುಕೊಂಡರು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 2006ರಲ್ಲಿ ಏಳು ಮೆಟ್ಟಿಲಿನ ಒಂದು ಅಳತೆ ಮಾಡಿದರು. ದೇವರಿದ್ದಾನೆ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲದವರು ಒಂದನೇ ಮೆಟ್ಟಿಲು, ಇಲ್ಲವೇ ಇಲ್ಲ ಅನ್ನುವವರು ಏಳನೇ ಮೆಟ್ಟಿಲು. ಅಷ್ಟು ಖಡಕ್ಕಾಗಿ ಮಾತಾಡುವ ಡಾಕಿನ್ಸ್ ಕೂಡ ತಾವು ನಿಂತಿರುವುದು ಆರರಲ್ಲಿ, ಏಳರ ಕಡೆಗೆ ವಾಲಿಕೊಂಡು ಅಂತ ಬರೆದರು. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರ ಮಾತು ನನಗೆ ಇನ್ನೂ ಇಷ್ಟ. ಅವರು ಹೇಳಿದ್ದು ಹೀಗೆ: ತತ್ವಶಾಸ್ತ್ರದವರ ಮುಂದೆ ನಾನು ಅಜ್ಞೇಯವಾದಿ, ಯಾಕೆಂದರೆ ದೇವರಿಲ್ಲ ಅಂತ ಖಡಾಖಂಡಿತ ಸಾಬೀತು ಮಾಡುವುದು ನನ್ನಿಂದ ಆಗದು. ಆದರೆ ಬೀದಿಯಲ್ಲಿ ಸಿಗುವ ಮನುಷ್ಯನಿಗೆ ನಾನು ನಾಸ್ತಿಕ ಅಂತಲೇ ಹೇಳಬೇಕು, ಯಾಕೆಂದರೆ ಹೋಮರನ ಕಾವ್ಯದ ಗ್ರೀಕ್ ದೇವತೆಗಳು ಇಲ್ಲ ಅಂತಲೂ ಸಾಬೀತು ಮಾಡಲು ಆಗುವುದಿಲ್ಲ, ಅವರನ್ನು ಯಾರಾದರೂ ನಂಬುತ್ತಾರಾ ಅಂತ ಅವರು ಕೇಳಿದರು. ನಾನೂ ಅಲ್ಲೇ ಇದ್ದೇನೆ. ಆಧಾರ ಸಿಕ್ಕರೆ ಮತ್ತೆ ಯೋಚನೆ ಮಾಡುತ್ತೇನೆ, ಇಲ್ಲಿಯವರೆಗೆ ಸಿಕ್ಕಿಲ್ಲ. ತಲೆಯ ಲೆಕ್ಕ ಇಷ್ಟೇ. ಇದನ್ನು ರಾತ್ರಿಯೆಲ್ಲ ಚರ್ಚೆ ಮಾಡಬಹುದು, ಮಾಡಿದ್ದೇನೆ ಕೂಡ, ಆದರೆ ಬೆಳಗ್ಗೆ ಎದ್ದರೆ ಆ ಚರ್ಚೆಯಿಂದ ಯಾರ ಬದುಕಿನಲ್ಲೂ ಏನೂ ಬದಲಾಗಿರುವುದಿಲ್ಲ.

ನಮ್ಮ ನೆಲದಲ್ಲಿ ವಿಷಯ ಇನ್ನೂ ಸ್ವಾರಸ್ಯವಾಗಿದೆ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಶ್ರವಣಬೆಳಗೊಳ ಹತ್ತಿರವೇ. ಚಾವುಂಡರಾಯ ಸುಮಾರು 981ರಲ್ಲಿ ನಿಲ್ಲಿಸಿದ ಬಾಹುಬಲಿಯ ಮುಂದೆ ಜನ ಕೈಮುಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಲ್ಲಿ ನಿಂತಿರುವವನು ಲೋಕವನ್ನು ಸೃಷ್ಟಿ ಮಾಡಿದ ದೇವರಲ್ಲ, ರಾಜ್ಯ ಬಿಟ್ಟು ತಪಸ್ಸಿಗೆ ನಿಂತ ಮನುಷ್ಯ. ಜೈನರ ಪ್ರಕಾರ ಈ ಲೋಕಕ್ಕೆ ಮೊದಲೂ ಇಲ್ಲ, ಅದನ್ನು ಮಾಡಿದವನೂ ಇಲ್ಲ. ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯದವರು ಪ್ರಕೃತಿ ಅಂದರೆ ಜಡ, ಪುರುಷ ಅಂದರೆ ಚೇತನ, ಹೀಗೆ ಎರಡನ್ನು ಇಟ್ಟುಕೊಂಡು ಈಶ್ವರನಿಲ್ಲದೆ ಎಲ್ಲವನ್ನೂ ವಿವರಿಸಿದರು. ಚಾರ್ವಾಕರಂತೂ ಪರಲೋಕವನ್ನೇ ಕಿತ್ತು ಹಾಕಿದರು. ಅವರ ಮಾತು ಬಹುಪಾಲು ನಮಗೆ ಸಿಕ್ಕಿರುವುದು ಅವರನ್ನು ಬೈದವರ ಬರಹದಲ್ಲಿ. ವಿಜಯನಗರದ ಕಾಲದ ಮಾಧವ ಎಲ್ಲ ದರ್ಶನಗಳನ್ನೂ ಒಂದೊಂದಾಗಿ ಬರೆಯಲು ಕೂತಾಗ ಮೊದಲ ಅಧ್ಯಾಯ ಕೊಟ್ಟಿದ್ದು ಚಾರ್ವಾಕರಿಗೆ. ಖಂಡಿಸಲಿಕ್ಕೇ ಇರಬಹುದು, ಆದರೂ ಬಾಗಿಲಲ್ಲೇ ಅವರನ್ನು ಮಾತಾಡಿಸಬೇಕಾಯಿತಲ್ವಾ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವರು ಮೀಮಾಂಸಕರು. ವೇದವನ್ನು, ಯಜ್ಞವನ್ನು ಅವರಷ್ಟು ಬಿಗಿಯಾಗಿ ಹಿಡಿದವರು ಇನ್ಯಾರೂ ಇಲ್ಲ. ಆದರೆ ಅವರಲ್ಲೇ ಒಬ್ಬರಾದ ಏಳನೇ ಶತಮಾನದ ಕುಮಾರಿಲ ಭಟ್ಟ ಲೋಕವನ್ನು ಸೃಷ್ಟಿಸಿದ ಈಶ್ವರನೊಬ್ಬ ಇದ್ದಾನೆ ಅನ್ನುವುದನ್ನು ಒಪ್ಪಲಿಲ್ಲ. ಕರ್ಮವನ್ನು ಸರಿಯಾಗಿ ಮಾಡಿದರೆ ಫಲ ತಾನಾಗಿ ಬರುತ್ತದೆ, ಕೊಡಲು ಮೇಲೆ ಯಾರೂ ಕೂತಿರಬೇಕಿಲ್ಲ. ಅಂದರೆ ದೇವರು ಹೋದರೂ ಶಾಸ್ತ್ರ ಉಳಿಯುತ್ತದೆ, ಶಾಸ್ತ್ರದ ಜೊತೆಗೆ ಅದನ್ನು ಯಾರು ಮಾಡಬಹುದು ಯಾರು ಮಾಡಬಾರದು ಅನ್ನುವ ಪಟ್ಟಿಯೂ ಉಳಿಯುತ್ತದೆ. ಇದನ್ನು ಓದಿದಾಗ ನನಗೆ ನನ್ನ ಸುತ್ತಲಿನ ಜನರೇ ಕಣ್ಣಿಗೆ ಬಂದರು. ನನಗೆ ಗೊತ್ತಿರುವ ಒಬ್ಬರು ಎಂಜಿನಿಯರ್ ದೇವಸ್ಥಾನಕ್ಕೆ ಕಾಲಿಡುವುದಿಲ್ಲ, ದೇವರು ಅನ್ನುವುದೆಲ್ಲ ಮನುಷ್ಯನ ಕಲ್ಪನೆ ಅಂತ ಬಿಡಿಸಿ ಹೇಳುತ್ತಾರೆ. ಮನೆ ಕಟ್ಟಿಸುವಾಗ ಮಾತ್ರ ವಾಸ್ತು ನೋಡಿಸಿ, ಅಡುಗೆಮನೆಯನ್ನು ಆಗ್ನೇಯಕ್ಕೆ ತಳ್ಳಿ, ಬೆಳಕೇ ಬಾರದ ಮೂಲೆಯಲ್ಲಿ ಹೆಂಡತಿ ಹಗಲು ಹೊತ್ತಿನಲ್ಲೂ ಲೈಟ್ ಹಾಕಿಕೊಂಡು ಅಡುಗೆ ಮಾಡುವ ಹಾಗೆ ಮಾಡಿದರು. ಮಗನ ಮದುವೆಗೆ ಜಾತಕ ಬೇಡ ಅಂದರು, ಜಾತಿ ಬೇಕು ಅಂದರು. ಡಾಕಿನ್ಸರ ಮೆಟ್ಟಿಲಿನಲ್ಲಿ ಅವರು ನನಗಿಂತ ಒಂದು ಮೆಟ್ಟಿಲು ಮೇಲೇ ಇರಬಹುದು. ಇನ್ನೊಂದು ಕಡೆ ನನ್ನ ಸೋದರತ್ತೆ. ಶುಕ್ರವಾರ ತಪ್ಪದೆ ಹೊಸಿಲಿಗೆ ಅರಿಶಿನ ಹಚ್ಚುವವರು, ಸೋಮವಾರ ಒಪ್ಪತ್ತು ಮಾಡುವವರು. ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಅಂದಾಗ ಮನೆಯ ಗಂಡಸರೆಲ್ಲ ಒಂದು ಕಡೆ ನಿಂತರೆ, ಅವರೊಬ್ಬರೇ ಮಗಳ ಕೈ ಹಿಡಿದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಾಕ್ಷಿ ಸಹಿ ಹಾಕಿ ಬಂದರು. ಇವರಿಬ್ಬರಲ್ಲಿ ಯಾರು ಜಾಸ್ತಿ ಬಿಡುಗಡೆ ಆದವರು? ನನಗಂತೂ ಅನುಮಾನವೇ ಇಲ್ಲ.

ನನ್ನ ಅಪನಂಬಿಕೆ ದೇವರಿಂದ ಶುರುವಾಗಲಿಲ್ಲ, ಉಪ್ಪಿನಕಾಯಿ ಭರಣಿಯಿಂದ ಶುರುವಾಯಿತು. ಬಹಳ ಹೆಣ್ಣುಮಕ್ಕಳ ಕಥೆ ಹೀಗೇ ಇರುತ್ತದೆ ಅಂತ ನನ್ನ ನಂಬಿಕೆ. ಮುಟ್ಟಾದಾಗ ನಮ್ಮಮ್ಮ, ನಾನು ಹಿಂದಿನ ಜಗಲಿಯಲ್ಲಿ ಕೂರಬೇಕಿತ್ತು. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಮುಟ್ಟಿದರೆ ಉಪ್ಪಿನಕಾಯಿ ಹುಳ ಬೀಳುತ್ತೆ, ತುಳಸಿ ಒಣಗುತ್ತೆ ಅಂತ ಅಜ್ಜಿ ಹೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ, ಮನೆಯವರೆಲ್ಲ ತೋಟಕ್ಕೆ ಹೋದಾಗ, ಆ ವರ್ಷದ ಮಾವಿನ ಮಿಡಿಯ ಭರಣಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ, ಒಣಗಿದ ಸೌಟಿನಿಂದ ತಳದವರೆಗೂ ಕಲಸಿ, ಒಂದು ಮಿಡಿ ಬಾಯಿಗೆ ಹಾಕಿಕೊಂಡು ಮತ್ತೆ ಹಾಗೇ ಕಟ್ಟಿಟ್ಟೆ. ಎದೆ ಢವಢವ ಅನ್ನುತ್ತಿತ್ತು. ಮುಂದಿನ ಯುಗಾದಿಯವರೆಗೂ ಆ ಉಪ್ಪಿನಕಾಯಿ ಗಟ್ಟಿಮುಟ್ಟಾಗಿತ್ತು, ಮಿಡಿ ಕಚ್ಚಿದರೆ ಕಟಕ್ ಅನ್ನುತ್ತಿತ್ತು, ಈ ಸಲ ಚೆನ್ನಾಗಿ ಬಂದಿದೆ ಅಂತ ಅಜ್ಜಿಯೇ ನೆಂಟರಿಗೆ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಉಪ್ಪು ಸರಿಯಾಗಿದ್ದು ನೀರು ಸೋಕದಿದ್ದರೆ ಉಪ್ಪಿನಕಾಯಿ ಕೆಡುವುದಿಲ್ಲ ಅಂತ ಆಮೇಲೆ ಓದಿ ತಿಳಿದೆ. ಆಗ ಗೊತ್ತಾಗಿದ್ದು ಒಂದೇ, ಈ ಮಾತು ಸುಳ್ಳು, ಮತ್ತು ಈ ಸುಳ್ಳಿನಿಂದಾಗಿ ನಮ್ಮಮ್ಮ ಇಷ್ಟು ವರ್ಷ ಚಳಿಯಲ್ಲಿ ಜಗಲಿ ಮೇಲೆ ಮಲಗಿದ್ದಾರೆ. ದೇವರ ಬಗ್ಗೆ ನಾನು ಆಗಿನ್ನೂ ಯೋಚಿಸಿಯೇ ಇರಲಿಲ್ಲ. ಆ ಪ್ರಶ್ನೆ ಬಂದಿದ್ದು ಕಾಲೇಜಿಗೆ ಸೇರಿದ ಮೇಲೆ. ಮೈಲಿಗೆ ಹೋಯಿತು, ಆಮೇಲೆ ರಾಹುಕಾಲ, ಆಮೇಲೆ ಗ್ರಹಣ, ಆಮೇಲೆ ಹರಕೆ, ಕೊನೆಗೆ ದೇವರು.

ಎಚ್. ನರಸಿಂಹಯ್ಯನವರು ಹಿಡಿದಿದ್ದೂ ಸುಮಾರಾಗಿ ಇದೇ ದಾರಿ ಅಂತ ನನಗನ್ನಿಸುತ್ತದೆ. ಗೌರಿಬಿದನೂರಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲೇ ಬದುಕಿದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷೆ ಮಾಡಲು ಸಾಧ್ಯವಿರುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ನಮ್ಮ ಮುಂದೆ ನಿಮ್ಮ ಪವಾಡ ಮಾಡಿ ತೋರಿಸಿ ಅಂತ ಕೇಳಿದರು. ಬಾಬಾ ಒಪ್ಪಲಿಲ್ಲ. ದೇಶವೆಲ್ಲ ಗದ್ದಲವಾಯಿತು. ಈ ಗದ್ದಲದಲ್ಲಿ ಜನ ಗಮನಿಸದೇ ಹೋದ ಒಂದು ವಿಷಯ ಇದೆ. ಸಮಿತಿ ಕೈ ಹಾಕಿದ್ದು ಪರೀಕ್ಷೆ ಮಾಡಲು ಆಗುವ ಸಂಗತಿಗಳಿಗೆ ಮಾತ್ರ. ದೇವರು ಇದ್ದಾನಾ ಅನ್ನುವುದನ್ನು ಅದು ತನ್ನ ಕೆಲಸ ಅಂದುಕೊಳ್ಳಲೇ ಇಲ್ಲ. ಗಾಳಿಯಿಂದ ಬೂದಿ ಬರುತ್ತೆ ಅಂದರೆ ಬರಲಿ ನೋಡೋಣ, ಕೈಯಲ್ಲಿ ಮೊದಲೇ ಏನಿತ್ತು ಅಂತ ಮಾತ್ರ ನೋಡೋಣ. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆ ಅಂತ ಊರಿಗೆ ಊರೇ ಚಮಚ ಹಿಡಿದು ಸಾಲು ನಿಂತಾಗಲೂ ಆಸ್ತಿಕ ನಾಸ್ತಿಕ ಅಂತ ವಾದಕ್ಕೆ ಇಳಿಯುವುದು ಬೇಕಿರಲಿಲ್ಲ. ಚಮಚ ವಾಲಿಸಿದಾಗ ಹಾಲು ಕಲ್ಲಿನ ಮೈಗೆ ಅಂಟಿಕೊಂಡು ತೆಳ್ಳಗೆ ಕೆಳಗಿಳಿದು ಹೋಗುತ್ತಿತ್ತು. ವಿಗ್ರಹದ ಬುಡ ನೋಡಿದ್ದರೆ ಸಾಕಿತ್ತು.

ಬದುಕಿನ ನಡೆಯಲ್ಲಿ ಅಳೆದರೆ, ಆ ಎಂಜಿನಿಯರ್‌ಗೆ ಎದುರಿನ ತುದಿಯಲ್ಲಿ ನಾನು ಇಡುವುದು ಆಂಧ್ರದ ಗೋರಾ ಅವರನ್ನು. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್, ಬ್ರಾಹ್ಮಣ ಕುಟುಂಬದವರು, ಸಸ್ಯಶಾಸ್ತ್ರದ ಮೇಷ್ಟ್ರು, ನಾಸ್ತಿಕ ಅನ್ನುವ ಕಾರಣಕ್ಕೆ ಕೆಲಸ ಕಳೆದುಕೊಂಡವರು. 1940ರಲ್ಲಿ ಹೆಂಡತಿ ಸರಸ್ವತಿಯವರ ಜೊತೆ ಮುದುನೂರು ಅನ್ನುವ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು, ಅದು 1947ರಲ್ಲಿ ವಿಜಯವಾಡಕ್ಕೆ ಬಂತು. ಗರ್ಭಿಣಿಯರು ಗ್ರಹಣ ನೋಡಬಾರದು ಅಂದಾಗ ಸರಸ್ವತಿಯವರು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡೇ ಗ್ರಹಣ ನೋಡಿದರು. ಮಗಳು ಮನೋರಮಾಳನ್ನು ದಲಿತ ಹುಡುಗನಿಗೆ ಕೊಡುವುದು ಅಂತ ಗೋರಾ ತೀರ್ಮಾನ ಮಾಡಿದಾಗ ಗಾಂಧೀಜಿ ಮದುವೆ ಸೇವಾಗ್ರಾಮದಲ್ಲೇ ಆಗಲಿ ಅಂದರು. ಪ್ರತಿಜ್ಞೆಯಲ್ಲಿ ದೇವರ ಹೆಸರು ಬೇಡ ಅಂತ ಗೋರಾ ಹೇಳಿದ್ದಕ್ಕೆ, ಆಯಿತು ಸತ್ಯದ ಹೆಸರಿನಲ್ಲಿ ಆಗಲಿ ಅಂತ ಒಪ್ಪಿದರು. ಮದುವೆ ಆಗಿದ್ದು 1948ರ ಮಾರ್ಚಿನಲ್ಲಿ, ಅಷ್ಟು ಹೊತ್ತಿಗೆ ಗಾಂಧೀಜಿ ಇರಲಿಲ್ಲ. ನಿನ್ನ ನಾಸ್ತಿಕತೆ ತಪ್ಪು ಅಂತಲೂ ನನ್ನ ಆಸ್ತಿಕತೆ ಸರಿ ಅಂತಲೂ ನಾನು ಹೇಳಲಾರೆ ಅಂತ ಗಾಂಧೀಜಿ ಅವರಿಗೆ ಹೇಳಿದ್ದರಂತೆ. ಆ ಇಬ್ಬರ ಸ್ನೇಹದ ಬಗ್ಗೆ ಓದುವಾಗಲೆಲ್ಲ ನನಗೆ ಹೊಟ್ಟೆ ತುಂಬಿದ ಹಾಗಾಗುತ್ತದೆ. ದೇವರಿಲ್ಲ ಅನ್ನುವ ಮಾತನ್ನು ಗೋರಾ ತಲೆಯಲ್ಲಿ ಬಿಟ್ಟು ಸುಮ್ಮನಾಗಲಿಲ್ಲ. ಊಟದ ಪಂಕ್ತಿಗೆ, ಮಗಳ ಮದುವೆಗೆ, ಮನೆಯ ಅಡುಗೆಮನೆಗೆ ತಂದರು.

ನಾನು ಎಲ್ಲಿ ಅಳೆಯುತ್ತೇನೆ ಅನ್ನುವುದು ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಯಾರು ಯಾರನ್ನು ಮುಟ್ಟಬಾರದು, ಯಾರು ಹೊರಗೆ ಕೂರಬೇಕು, ಯಾರು ಯಾರ ಎಂಜಲಿನ ಮೇಲೆ ಉರುಳಬೇಕು ಅನ್ನುವುದನ್ನು ಒಬ್ಬರು ಎಷ್ಟರಮಟ್ಟಿಗೆ ನಂಬುವುದನ್ನು ಬಿಟ್ಟಿದ್ದಾರೆ ಅಂತ ನೋಡುತ್ತೇನೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಉರುಳುವ ಮಡೆಸ್ನಾನದ ವಿರುದ್ಧ ಗಟ್ಟಿಯಾಗಿ ನಿಂತವರಲ್ಲಿ ನಿಡುಮಾಮಿಡಿ ಮಠದ ಸ್ವಾಮೀಜಿಯೂ ಇದ್ದರು. ಮಠಾಧೀಶರು, ಕಾವಿ ಹಾಕಿದವರು. ಅದೇ ಹೊತ್ತಿನಲ್ಲಿ ದೇವರನ್ನು ನಂಬದ ಎಷ್ಟೋ ಜನ, ಅವರವರ ಇಷ್ಟ ಬಿಡಿ ಅಂತ ಮಾತು ಮುಗಿಸಿದ್ದನ್ನು ನಾನು ಕೇಳಿದ್ದೇನೆ. ಆ ಆಚರಣೆಗೆ 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲೂ ಅದು ಸೇರಿತು. ಆ ಕಾಯ್ದೆ ಜಾರಿಗೆ ಬಂದಿದ್ದು 2020ರಲ್ಲಿ. ಅದರಲ್ಲೂ ಹಂತಗಳಿವೆ: ವಾಸ್ತು, ಜ್ಯೋತಿಷ್ಯದ ಸಲಹೆಯನ್ನು ಅದು ಮುಟ್ಟುವುದಿಲ್ಲ. ಅಷ್ಟಾದರೂ ಬಂತಲ್ಲ ಅಂತ ನನಗೆ ಸಮಾಧಾನ ಇದೆ, ಆದರೆ ಕಾನೂನು ಪುಸ್ತಕದಿಂದ ಹಟ್ಟಿಯವರೆಗೆ ತಲುಪುವುದು ಬೇರೆ ಮಾತು. 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಒಂದು ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟಿದ್ದರು. ದೇವರಿಗೆ ಸೂತಕ ಆಗಬಾರದು ಅಂತ. ಮಳೆ, ಚಳಿ. ಮಗು ಉಳಿಯಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಕೆಲಸ ಮಾಡಲು ಆಗಲಿಲ್ಲ. ದೇವರಿದ್ದಾನೋ ಇಲ್ಲವೋ ಅನ್ನುವ ಚರ್ಚೆ ನನಗೆ ಸಾಕು ಅನಿಸಿದ್ದೂ ಆವತ್ತೇ.

ನರೇಂದ್ರ ದಾಭೋಲ್ಕರ್ ಮಹಾರಾಷ್ಟ್ರದಲ್ಲಿ ಇಂಥ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದರು. ನಮ್ಮ ಹೋರಾಟ ದೇವರ ವಿರುದ್ಧ ಅಲ್ಲ, ದೇವರ ಹೆಸರಿನಲ್ಲಿ ನಡೆಯುವ ಸುಲಿಗೆಯ ವಿರುದ್ಧ ಅಂತ ಹೋದಲ್ಲೆಲ್ಲ ಹೇಳಿದರು. 2013ರ ಆಗಸ್ಟ್ 20ರ ಬೆಳಗ್ಗೆ ಪುಣೆಯಲ್ಲಿ ಅವರಿಗೆ ಗುಂಡು ಹೊಡೆದರು. ಎಂ.ಎಂ. ಕಲಬುರ್ಗಿಯವರು ವಚನ, ಶಾಸನಗಳ ನಡುವೆಯೇ ಆಯುಷ್ಯ ಕಳೆದ ಸಂಶೋಧಕರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಅವರನ್ನೂ ಕೊಂದರು. ಇವರು ಎಷ್ಟು ಪಾಲು ನಂಬುತ್ತಿದ್ದರು, ಎಷ್ಟು ಪಾಲು ನಂಬುತ್ತಿರಲಿಲ್ಲ ಅಂತ ಗುಂಡು ಹೊಡೆದವರು ಕೇಳಲಿಲ್ಲ.

ಹಾಗಂತ ಎಲ್ಲರೂ ಗೋರಾ ಆಗಬೇಕು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಾನು ನಾಸ್ತಿಕಳಾಗಿರುವುದು ಸುಲಭ. ಊರಲ್ಲಿ ಮಾರಿಹಬ್ಬದ ವಂತಿಗೆ ಕೊಡುವುದಿಲ್ಲ ಅಂತ ಒಬ್ಬ ಕೂಲಿಯವರು ಹೇಳಿ ನೋಡಲಿ, ಮಾರನೇ ದಿನ ಅವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಗಂಡಸು ದೇವಸ್ಥಾನದ ಹೊರಗೆ ನಿಂತರೆ ಅವನು ವಿಚಾರವಂತ, ಹೆಂಗಸು ನಿಂತರೆ "ಇವತ್ತು ಹೊರಗಾ?" ಅಂತ ಕೇಳುತ್ತಾರೆ. 2011ರ ಜನಗಣತಿಯಲ್ಲಿ ಧರ್ಮ ಯಾವುದು ಅಂತ ಹೇಳದೇ ಇದ್ದವರು ಇಡೀ ದೇಶದಲ್ಲಿ ಸುಮಾರು 29 ಲಕ್ಷ. ಅವರಲ್ಲಿ ಎಲ್ಲರೂ ನಂಬದವರು ಅಂತ ಹೇಳಲು ಆಗುವುದಿಲ್ಲ. ನಂಬದೇ ಇದ್ದೂ ಮನೆಯ ಯಜಮಾನರು ಹೇಳಿದ್ದನ್ನೇ ಬರೆಸಿದವರು ಅದಕ್ಕಿಂತ ಎಷ್ಟು ಜಾಸ್ತಿ ಇರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ. ಬಾಯಿ ಬಿಡದವರ ಅಪನಂಬಿಕೆಗೂ ಬೆಲೆ ಇದೆ.

ಇನ್ನು ಕಷ್ಟ ಬಂದಾಗ ಗೊತ್ತಾಗುತ್ತೆ ಅನ್ನುವ ಮಾತು. ಕಷ್ಟ ಬಂದಿತ್ತು. ಅಣ್ಣನಿಗೆ ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿಯುತ್ತಾ ಹೋಯಿತು. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಅಮ್ಮ ಪರ್ಸಿನಿಂದ ಒಂದು ರೂಪಾಯಿ ನಾಣ್ಯ ತೆಗೆದರು. ಅರಿಶಿನ ಎಲ್ಲಿಂದ ತರುವುದು? ಕೆಳಗಿನ ಅಂಗಡಿಯಲ್ಲಿ ಪುಟ್ಟ ಪೊಟ್ಟಣ ಸಿಕ್ಕಿತು, ನಾನೇ ತಂದುಕೊಟ್ಟೆ. ಬಾಟಲಿ ಮುಚ್ಚಳದಲ್ಲಿ ನೀರು ಹಾಕಿ ಅರಿಶಿನ ಕಲಸಿ, ಕರ್ಚೀಫಿನ ಅಂಚು ಹರಿದು ಅದರಲ್ಲಿ ಅದ್ದಿ, ನಾಣ್ಯ ಇಟ್ಟು ಗಂಟು ಹಾಕಿದರು. ತಿಮ್ಮಪ್ಪನಿಗೆ ಮುಡಿಪು. ಅವರ ಬೆರಳೆಲ್ಲ ಹಳದಿ. ನಾನು ಪಕ್ಕದಲ್ಲಿ ಕೂತು ಬ್ಲಡ್ ಬ್ಯಾಂಕಿನವರಿಗೆ, ಗೆಳೆಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ಆಗ ನನಗೂ ಭಯ ಇತ್ತು, ಅಮ್ಮನಷ್ಟೇ ಭಯ. ಆದರೆ ಬೇಡಿಕೊಳ್ಳಬೇಕು ಅನಿಸಲಿಲ್ಲ. ಅದಕ್ಕೆ ದೊಡ್ಡ ಧೈರ್ಯವೇನೂ ಕಾರಣ ಅಲ್ಲ, ಮನಸ್ಸು ಆ ಕಡೆ ತಿರುಗಲೇ ಇಲ್ಲ, ಅಷ್ಟೇ. ಎಚ್ಚರವಾಗಿರುವ ಡಾಕ್ಟರ್ ಎಲ್ಲಿದ್ದಾರೆ, ಮುಂದಿನ ರಿಪೋರ್ಟ್ ಎಷ್ಟು ಹೊತ್ತಿಗೆ ಬರುತ್ತೆ ಅನ್ನುವ ಕಡೆಗೇ ಮನಸ್ಸು ಓಡುತ್ತಿತ್ತು. ಅಣ್ಣ ಹುಷಾರಾದ. ಆಮೇಲೆ ಅಮ್ಮನನ್ನು ತಿರುಪತಿಗೆ ಕರೆದುಕೊಂಡು ಹೋಗಿದ್ದೂ ನಾನೇ. ಸಾಲಿನಲ್ಲಿ ಅವರ ಕೈ ಹಿಡಿದು ನಿಂತಿದ್ದೆ. ಮುಡಿಪು ಹುಂಡಿಗೆ ಬಿದ್ದಾಗ ಅವರ ಮುಖ ನೋಡಿ ಖುಷಿಯಾಯಿತು, ಲಡ್ಡು ತಿಂದೆ, ಕೈಮುಗಿಯಲಿಲ್ಲ. ಅಮ್ಮ ಬಲವಂತ ಮಾಡಲೂ ಇಲ್ಲ. ಇದನ್ನು ಅರ್ಧ ನಾಸ್ತಿಕತೆ ಅಂತ ಕೆಲವು ಗೆಳೆಯರು ಹೇಳಿದರು. ಆ ಮುಡಿಪಿನಿಂದ ಯಾರಿಗೂ ಅನ್ಯಾಯ ಆಗಲಿಲ್ಲ, ಯಾರನ್ನೂ ಹೊರಗೆ ಕೂರಿಸಲಿಲ್ಲ. ಜಗಲಿಯ ವಿಷಯದಲ್ಲಿ ನಾನು ಅಮ್ಮನ ಜೊತೆ ತಿಂಗಳುಗಟ್ಟಲೆ ಜಗಳ ಆಡಿದ್ದೇನೆ, ಮುಡಿಪಿನ ವಿಷಯದಲ್ಲಿ ಒಂದು ದಿನವೂ ಆಡಿಲ್ಲ.

ಸಾವಿನ ವಿಷಯ ಒಂದು ಉಳಿದಿದೆ. ನೆಹರೂ 1954ರಲ್ಲಿ ಬರೆದ ಉಯಿಲಿನಲ್ಲಿ, ನಾನು ಸತ್ತ ಮೇಲೆ ಯಾವ ಧಾರ್ಮಿಕ ವಿಧಿಯೂ ಬೇಡ, ನನಗೆ ಅದರಲ್ಲಿ ನಂಬಿಕೆ ಇಲ್ಲ, ಸುಮ್ನೆ ರೂಢಿಗೆ ಅಂತ ಮಾಡಿದರೂ ಅದು ಬೂಟಾಟಿಕೆ ಆಗುತ್ತೆ ಅನ್ನುವ ಅರ್ಥದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಹತ್ತು ವರ್ಷದ ಮೇಲೆ, 1964ರಲ್ಲಿ ಅವರು ತೀರಿಕೊಂಡಾಗ ಮಂತ್ರದ ಜೊತೆಗೇ ಚಿತೆಗೆ ಬೆಂಕಿ ಇಟ್ಟರು. ದೇಶದ ಪ್ರಧಾನಿ ಕಾಗದದ ಮೇಲೆ ಬರೆದಿಟ್ಟದ್ದೇ ನಡೆಯಲಿಲ್ಲ. ಸತ್ತವರು ಎದ್ದು ಬಂದು ಬೇಡ ಅನ್ನುವುದಿಲ್ಲವಲ್ಲ, ಉಳಿದವರ ಮನಸ್ಸೇ ಕೊನೆಗೆ ನಡೆಯುವುದು. ಅದಕ್ಕೇ ನಾನು ದೇಹದಾನದ ಫಾರಂ ತಂದಾಗ ಮೊದಲು ಅಣ್ಣನ ಮುಂದೆ ಇಟ್ಟೆ. ಹತ್ತಿರದವರ ಒಪ್ಪಿಗೆ ಸಹಿ ಅದರಲ್ಲಿ ಬೇಕು, ನಾಳೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಒಪ್ಪಿಸಬೇಕಾದವರೂ ಅವರೇ. ಅಣ್ಣ ಎರಡು ಸಲ ಓದಿದ. ಬೇಡ ಕಣೇ, ಹನ್ನೊಂದರ ಕಾರ್ಯ ಇಲ್ಲದೆ ಹೇಗೆ, ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದರು ಅಂದ. ನಾನು ಬಲವಂತ ಮಾಡಲಿಲ್ಲ. ಊಟ ಆಯಿತು, ಫಾರಂ ಟಿವಿ ಮೇಲೇ ಇತ್ತು. ಹೊರಡುವ ಹೊತ್ತಿಗೆ ಪೆನ್ನು ಕೇಳಿದ. "ಸಹಿ ಹಾಕ್ತೀನಿ. ಆದರೆ ವರ್ಷ ವರ್ಷ ನಮ್ಮೂರ ಸ್ಕೂಲಿನ ಮಕ್ಕಳಿಗೆ ನಿನ್ನ ಹೆಸರಲ್ಲಿ ಪಾಯಸದ ಊಟ ಹಾಕಿಸ್ತೀನಿ. ಅದಕ್ಕೆ ನೀನು ಬೇಡ ಅನ್ನಬಾರದು" ಅಂದ. ಎಲ್ಲ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕು ಅಂದೆ. ಅದು ಹೇಳಬೇಕಾ ಅಂತ ಸಹಿ ಹಾಕಿ ಕೊಟ್ಟ.